ದೇವರಿಲ್ಲದವನ ಮನೆಯ ದೇವರುಗಳು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ದೇವರುಗಳು ಮೂವತ್ತೊಂದಿದ್ದವೋ ಮೂವತ್ತನಾಲ್ಕೋ, ನಮ್ಮ ಗಾಡಿಯ ಎಡಗಡೆಯ ಎತ್ತು ಬಿಳಿಯದೋ ಕಂದುಬಣ್ಣದ್ದೋ, ನಾವು ಊರು ಬಿಟ್ಟ ದಿನ ದಾರಿಯ ಎರಡೂ ಬದಿಗೆ ಜೋಳ ನಿಂತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಯುಗಾದಿ ಮುಗಿದ ಮೇಲೆ ಹೊಲದಲ್ಲಿ ಜೋಳ ಎಲ್ಲಿಂದ ಬರಬೇಕು? ಆದರೂ ನನ್ನ ನೆನಪಿನಲ್ಲಿ ಅದು ತೆನೆ ತೂಗುತ್ತ ನಿಂತೇ ಇದೆ. ಕಾಲೇಜಿಗೆ ಸೇರಿದಂದಿನಿಂದ ದಿನಾ ಡೈರಿ ಬರೆಯುವವಳು ನಾನು. ಬೆಳಗ್ಗೆ ನಡೆದದ್ದನ್ನು ಸಂಜೆ ಬರೆಯಲು ಕೂತರೆ, ಅಷ್ಟರಲ್ಲೇ ನನ್ನ ಮಾತುಗಳು ಒಂದಿಷ್ಟು ಚುರುಕಾಗಿ, ಎದುರಿನವರ ಮಾತುಗಳು ಒಂದಿಷ್ಟು ಪೆದ್ದಾಗಿಬಿಟ್ಟಿರುತ್ತವೆ! ಹೀಗಿರುವಾಗ ಹತ್ತು ವರ್ಷದ ಹುಡುಗಿ ಕಂಡದ್ದನ್ನು ಎಷ್ಟೆಂದು ನಂಬುವುದು?

ಆದರೆ ಒಂದು ಮಾತನ್ನು ಮಾತ್ರ ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ದೇವರೇ ಇರಲಿಲ್ಲ. ಮತ್ತು ಇಡೀ ಆಳಂದ ತಾಲೂಕಿನಲ್ಲಿ ಅವನ ಹತ್ತಿರ ಇದ್ದಷ್ಟು ದೇವರುಗಳು ಇನ್ನಾರ ಹತ್ತಿರವೂ ಇರಲಿಲ್ಲ!

ನಮ್ಮದು ಲಿಂಗ ಕಟ್ಟುವ ಮನೆ. ಮಗು ಹುಟ್ಟಿದ ಕೆಲವೇ ದಿನಕ್ಕೆ ಕೊರಳಿಗೆ ಲಿಂಗ ಬರುತ್ತದೆ, ಸತ್ತಾಗ ಅಂಗೈಯಲ್ಲಿ ಕೂತು ಜೊತೆಗೇ ಮಣ್ಣಿಗೆ ಹೋಗುತ್ತದೆ. ನಡುವೆ ಅದನ್ನು ಬಿಚ್ಚುವ ಮಾತೇ ಇಲ್ಲ. ಕಾಕಾ ಹೈದರಾಬಾದಿನಲ್ಲಿ ಎರಡು ವರ್ಷ ಓದಿ, ಓದು ಅರ್ಧಕ್ಕೆ ಬಿಟ್ಟು ಬಂದವನು, ಒಂದು ಬೆಳಗ್ಗೆ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಕೊರಳಿಂದ ತೆಗೆದು ಅಪ್ಪನ ಮುಂದೆ ಇಟ್ಟನಂತೆ.

"ಅಣ್ಣಾ, ಇದನ್ನ ನಂಬೋರಿಗೆ ಕೊಡು. ನನ್ನ ಕೊಳ್ಳಾಗ ಸುಮ್ಮ ಜೋತಬಿದ್ದದ."

ಅಪ್ಪ ಎಂಟು ದಿನ ಮಾತು ಬಿಟ್ಟ. ಅವ್ವ ಮೂರು ದಿನ ಉಪವಾಸ ಕೂತಳು. ಕಾಕಾ ಅವಳ ಪಾಲಿನ ರೊಟ್ಟಿಯನ್ನೂ ತಾನೇ ತಿಂದ. "ಕೆಡಸಬಾರದಲ್ಲ ವೈನಿ" ಎಂದು ಅತ್ತಿಗೆಗೇ ಅಂದ!

ದೇವರನ್ನು ಬಿಟ್ಟವನು ಮುಂದೆ ಏನೇನು ಬಿಡುತ್ತಾನೆ ಎಂದು ಊರೆಲ್ಲ ಕಾದು ಕೂತಿತು. ಕುಡಿಯುತ್ತಾನೆ ಎಂದರು ಕೆಲವರು. ಇಸ್ಪೀಟು ಎಂದರು ಕೆಲವರು. ಇನ್ನೂ ಕೆಲವರು ದನಿ ತಗ್ಗಿಸಿ ಬೇರೆ ಏನೋ ಹೇಳುತ್ತಿದ್ದರು. ನಾನು ಹತ್ತಿರ ಹೋದರೆ ನಿಲ್ಲಿಸುತ್ತಿದ್ದರು. ವರ್ಷ ಒಂದಾಯಿತು, ಎರಡಾಯಿತು. ಕಾಕಾ ಬೆಳಗ್ಗೆ ಹೊಲಕ್ಕೆ ಹೋಗುತ್ತಾನೆ, ಸಂಜೆ ಬರುತ್ತಾನೆ, ಕಟ್ಟೆಯ ಮೇಲೆ ಕೂತು ಹಳೆಯ ಉರ್ದು ಪತ್ರಿಕೆ ಓದುತ್ತಾನೆ. ಕುಡಿಯಲಿಲ್ಲ! ಆಡಲಿಲ್ಲ! ಬೇರೆಯವರ ಹೊಲದ ಒಂದು ಕಡಲೆ ಗಿಡ ಕೀಳಲಿಲ್ಲ! ಒಬ್ಬ ಮನುಷ್ಯ ತನ್ನ ಊರನ್ನು ಇಷ್ಟೊಂದು ನಿರಾಶೆಗೊಳಿಸಬಹುದೇ?

ಅದಕ್ಕಿಂತ ದೊಡ್ಡ ಪೀಡೆಯೆಂದರೆ ಅವನು ಸುಳ್ಳು ಹೇಳುತ್ತಿರಲಿಲ್ಲ. ಎದುರುಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಊರಿಗೆಲ್ಲ ಆಯಿ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ನೂರು ಜನಕ್ಕೆ ಹುಗ್ಗಿ ಮಾಡಿಸಿದ್ದಳು. ಎಲ್ಲರೂ ಕೈ ನೆಕ್ಕುತ್ತ ಹೊಗಳಿದರು. ಕಾಕಾನನ್ನೂ ಕೇಳಿದಳು, "ಹ್ಯಾಂಗಾಗ್ಯಾದಪ್ಪಾ ಹುಗ್ಗಿ?"

"ಬೆಲ್ಲ ಕಡಿಮಿ ಆಗ್ಯಾದ ಆಯಿ. ತಳ ಹತ್ತ್ಯಾದ. ಹೊಗಿ ವಾಸನಿ ಬರಾಕತ್ತದ."

ಆಯಿ ನಮ್ಮ ಅವ್ವನ ಹತ್ತಿರ ಬಂದು ನಿಟ್ಟುಸಿರು ಬಿಟ್ಟಳು. "ಒಂಚೂರ ದೇವರಿದ್ರ ಛಲೋ ಇತ್ತು ನೋಡಬೇ ಇವಗ. ಒಂಚೂರ ಸುಳ್ಳರೆ ಹೇಳ್ತಿದ್ದ!"

ಅಪ್ಪನಿಗೆ ತಮ್ಮನಿಗೊಂದು ಮದುವೆ ಮಾಡಿ ಕೈ ತೊಳೆದುಕೊಳ್ಳುವ ಆಸೆ. ಅಫಜಲಪುರದ ಕಡೆಯ ಗೊಬ್ಬೂರಿನಲ್ಲಿ ಹೆಣ್ಣು ನೋಡಲು ಹೊರಟರು. ಸಿಹಿ ಸಿಗುವ ಜಾಗವನ್ನು ಮಕ್ಕಳು ಬಿಡುತ್ತವೆಯೇ? ನಾನೂ ಗಾಡಿ ಹತ್ತಿದೆ. ದಾರಿಯುದ್ದಕ್ಕೂ ಅಪ್ಪನ ಉಪದೇಶ ಒಂದೇ. ಅಲ್ಲಿ ಊಟಕ್ಕೆ ಮೊದಲು ಮನೆಯ ಯಜಮಾನರ ಜೊತೆ ಲಿಂಗಪೂಜೆಗೆ ಕೂಡಬೇಕಾಗುತ್ತದೆ. ಇವನ ಹತ್ತಿರ ಲಿಂಗ ಎಲ್ಲಿದೆ?

"ಎಡಗೈ ಮ್ಯಾಲ ಶಲ್ಯ ಹೊಚ್ಚಿಕೊಂಡು ಕುಂದ್ರು. ಒಳಗ ಏನದ ಅಂತ ಯಾರ್ ನೋಡ್ತಾರ?"

"ನಾ ನೋಡ್ತೇನಲ್ಲ ಅಣ್ಣಾ" ಅಂದ ಕಾಕಾ.

ಹಾಗೇ ಆಯಿತು. ಹೆಣ್ಣಿನ ತಂದೆ ಮಣೆಯ ಮೇಲೆ ಕೂತು ಅಂಗೈಯಲ್ಲಿ ಲಿಂಗವಿಟ್ಟು ಕಣ್ಣು ಮುಚ್ಚಿದರು. ಅಪ್ಪನೂ ಮುಚ್ಚಿದ. ಕಾಕಾ ಖಾಲಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕಣ್ಣು ತೆರೆದು, ಆ ಯಜಮಾನರ ಮುಖವನ್ನೇ ಆಸಕ್ತಿಯಿಂದ ನೋಡುತ್ತ ಕೂತ. ಪಾಪ, ಆ ಹಿರಿಯರು ಒಂದು ಕಣ್ಣು ತೆರೆದು ನೋಡಿದರು. ಕಾಕಾ ನೋಡುತ್ತಲೇ ಇದ್ದ. ಮುಚ್ಚಿದರು. ಮತ್ತೆ ತೆರೆದರು. ಇನ್ನೂ ನೋಡುತ್ತಿದ್ದ! ಅಂದು ಗೊಬ್ಬೂರಿನಲ್ಲಿ ಪೂಜೆ ಅರ್ಧಕ್ಕೇ ಮುಗಿಯಿತು. ಬಾಗಿಲ ಹಿಂದೆ ಹುಡುಗಿ ನಕ್ಕದ್ದು ನನಗೆ ಕೇಳಿಸಿತು.

"ಏನ್ರಿ, ಲಿಂಗ ಎಲ್ಲಿ ಬಿಟ್ಟು ಬಂದೀರಿ?" ಎಂದು ಕೇಳಿದರು ಹಿರಿಯರು.

"ಮನ್ಯಾಗ ಅಣ್ಣನ ಹಂತ್ಯಾಕ ಅದ್ರಿ. ನನಗ ನಂಬಿಗಿ ಇಲ್ರಿ."

ಊಟವನ್ನೇನೋ ಹಾಕಿದರು, ಹೆಣ್ಣು ಕೊಡಲಿಲ್ಲ. ಮರಳುವಾಗ ಅಪ್ಪ ಗಾಡಿಯಲ್ಲಿ ಆ ಕಡೆ ಮುಖ ಮಾಡಿ ಕೂತ. ಬಹಳ ಹೊತ್ತಿನ ಮೇಲೆ ಕಾಕಾ ಎತ್ತಿನ ಬೆನ್ನು ಸವರುತ್ತ, ಅದಕ್ಕೇ ಹೇಳುವಂತೆ, "ನಗೂದು ಛಲೋ ಇತ್ತು" ಅಂದ. ಎತ್ತು ಕಿವಿ ಆಡಿಸಿತು. ಅವನು ಮತ್ತೆಲ್ಲೂ ಹೆಣ್ಣು ನೋಡಲು ಹೋಗಲಿಲ್ಲ.

ಆಳಂದದ ಅದಾಲತ್ತಿನಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅಪ್ಪ ಹೇಳಿದ್ದು, ಹೇಳುವಾಗಲೆಲ್ಲ ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದ, ಆದ್ದರಿಂದ ಸ್ವಲ್ಪ ಬೆಳೆದಿರಬಹುದು. ನಮ್ಮೂರ ಇಬ್ಬರ ಹೊಲದ ಬದುವಿನ ಜಗಳ. ಸಾಕ್ಷಿ ಹೇಳುವವರು ಮೊದಲು ದೇವರ ಮೇಲೆ ಪ್ರಮಾಣ ಮಾಡಬೇಕು. ಕಾಕಾ ಒಲ್ಲೆ ಎಂದ. ಮುನ್ಸೀಫರು ಕನ್ನಡಕ ತೆಗೆದು ನೋಡಿದರು.

"ಕಸಮ್ ತಿನ್ನಂಗಿಲ್ಲ ಅಂದ್ರ, ನೀ ಖರೆ ಹೇಳ್ತಿ ಅಂತ ನಾ ಹ್ಯಾಂಗ ನಂಬಲಿ?"

"ನನಗಿಂತ ಮೊದಲ ಎಂಟು ಮಂದಿ ಕಸಮ್ ತಿಂದ್ರಲ್ರಿ ಸಾಹೇಬ್ರ. ನಾಕು ಮಂದಿ ಬದು ಬೇವಿನ ಗಿಡದ ಆಚೆ ಅದ ಅಂದ್ರು. ನಾಕು ಮಂದಿ ಈಚೆ ಅದ ಅಂದ್ರು. ಅವರನ್ನ ಹ್ಯಾಂಗ ನಂಬಿದ್ರಿ?"

ಮುನ್ಸೀಫರು ಕನ್ನಡಕ ಹಾಕಿಕೊಂಡು, ಪ್ರಮಾಣವಿಲ್ಲದೆಯೇ ಅವನ ಮಾತು ಬರೆದುಕೊಂಡರಂತೆ.

ಜೇವರ್ಗಿಯ ಕಡೆ ಒಂದು ಮಠವಿತ್ತು. ಕೊನೆಯ ಉಪಾಯವೆಂದು ಅಪ್ಪ ಅವನನ್ನು ಅಲ್ಲಿಯ ಸ್ವಾಮಿಗಳ ಮುಂದೆ ಕೂರಿಸಿದ. ಅವರು ಒಳ್ಳೆಯ ಮನುಷ್ಯರು, ಸಿಟ್ಟು ಮಾಡಲಿಲ್ಲ. "ಅಲ್ಲಪಾ, ನೋಡೋ ದೇವರ ಇಲ್ಲ ಅಂತಿ. ಹಂಗಾದ್ರ ನೀ ಕಳವು ಯಾಕ ಮಾಡಂಗಿಲ್ಲ?" ಎಂದು ಕೇಳಿದರು.

"ತಾವು ದೇವರು ನೋಡ್ತಾನ ಅಂತ ಬಿಟ್ಟೀರೇನ್ರಿ ಅಪ್ಪಾರ? ಅಂವ ಆ ಕಡಿ ಹೊಳ್ಳಿದ್ರ ಮಾಡ್ತಿದ್ರೇನ್ರಿ?"

ಸ್ವಾಮಿಗಳು ಹೊಟ್ಟೆ ಕುಣಿಸಿ ನಕ್ಕು, ಅಪ್ಪನಿಗೆ ಹೇಳಿದರು: "ಜಲ್ದಿ ಕರಕೊಂಡ ಹೋಗಪಾ ಇವನ್ನ. ನಮ್ಮ ಮರಿಸ್ವಾಮಿಗಳು ಕೇಳಿಸಿಕೊಂಡಾರು!"

ಮುಂದೆ ಧಾರವಾಡದಲ್ಲಿ ಬಿ.ಎ.ಗೆ ತತ್ತ್ವಶಾಸ್ತ್ರ ತೆಗೆದುಕೊಂಡಾಗ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು. ದೇವರ ಮೇಲಿನ ನಂಬಿಕೆಯಿಲ್ಲದೆ ನೀತಿ ನಿಲ್ಲಬಲ್ಲದೇ, ಚರ್ಚಿಸಿ. ನಾನು ದೊಡ್ಡ ದೊಡ್ಡವರ ಸಿದ್ಧಾಂತಗಳನ್ನೆಲ್ಲ ಬಿಟ್ಟು ನಾಲ್ಕು ಪುಟ ಕಾಕಾನನ್ನೇ ಬರೆದು ಬಂದೆ. ಗುರುಗಳು ಕೆಂಪು ಶಾಯಿಯಲ್ಲಿ "ವಿಷಯಾಂತರ" ಎಂದು ಬರೆದರು. ಇರಬಹುದು. ಆದರೆ ವಿಷಯದೊಳಗೆ ಇದ್ದದ್ದಾದರೂ ಮತ್ತೇನು, ನನಗೆ ಇಂದಿಗೂ ತಿಳಿದಿಲ್ಲ.

ಇನ್ನು ದೇವರುಗಳ ಕತೆ. ನಮ್ಮೂರು ಸರಸಂಬಾದ ಕಡೆ, ಗಡಿಗೆ ಅರ್ಧ ದಿನದ ಗಾಡಿ ಹಾದಿ. ನಲವತ್ತೇಳರ ಆಗಸ್ಟಿನಲ್ಲಿ ಸೊಲ್ಲಾಪುರದ ಕಡೆ ಬಾವುಟ ಹಾರಿತು. ನಾವು ನಿಜಾಮರ ಸೀಮೆಯವರು. ನಮ್ಮಲ್ಲಿ ಹಾರಿದ್ದು ಸುದ್ದಿ ಮಾತ್ರ. ಚಳಿಗಾಲ ಬರುವಷ್ಟರಲ್ಲಿ ಬಂದೂಕು ಹಿಡಿದು ಬರುವ ನಿಜಾಮರ ಕಡೆಯವರ ಭಯ ಶುರುವಾಯಿತು. ಆ ಊರಿಗೆ ಬಂದರಂತೆ, ಈ ಊರಲ್ಲಿ ಬಣವೆ ಸುಟ್ಟರಂತೆ. ಒಂದೊಂದೇ ಮನೆಯವರು ಗಾಡಿ ಹೂಡಿ ಗಡಿಯಾಚೆ ಹೋಗತೊಡಗಿದರು. ಹೋಗುವುದಕ್ಕೂ ಒಂದು ಉಪಾಯ ಬೇಕಿತ್ತು. ಗಡಿಯ ಕಾವಲಿನ ನಾಕಾದಲ್ಲಿ ತಡೆದು ಕೇಳಿದರೆ ಅಕ್ಕಲಕೋಟದಲ್ಲಿ ಮದುವೆ ಎನ್ನಬೇಕು. ಎರಡು ಸೀರೆ, ಒಂದು ಬುತ್ತಿ, ಅಷ್ಟೇ. ದೇವರಮನೆಯ ಜಗಲಿಯ ಮೇಲಿನ ದೇವರುಗಳನ್ನು ಹೊತ್ತು ಹೊರಟರೆ ನಾಕಾದವರಿಗೆ ತಿಳಿದುಬಿಡುತ್ತಿತ್ತು. ಮನೆದೇವರನ್ನು ಹೊತ್ತವರು ಮದುವೆಗೆ ಹೋಗುವವರಲ್ಲ, ಊರು ಬಿಡುವವರು! ಹಾಗೆಂದು ದೇವರನ್ನು ನೀರು, ದೀಪವಿಲ್ಲದೆ ಬೀಗ ಹಾಕಿದ ಮನೆಯಲ್ಲಿ ಬಿಡುವುದು ಹೇಗೆ? ಯಾರಾದರೂ ಒಬ್ಬರು ನೋಡಿಕೊಳ್ಳಬೇಕು.

ಮೊದಲು ಬಂದವಳು ಎದುರುಮನೆ ಆಯಿ. ಸೆರಗಿನಲ್ಲಿ ಸುತ್ತಿದ ಬೆಳ್ಳಿಯ ಅಂಬಾಬಾಯಿಯನ್ನು ತಂದು ಕಾಕಾನ ಮುಂದೆ ಇಟ್ಟಳು. ಅವ್ವನಿಗೆ ಗಾಬರಿ.

"ಆಯಿ, ಅವಗ ಯಾಕ ಕೊಡ್ತಿ? ನಂಬದವ ಅಂವ!"

"ಅದಕ್ಕ ಕೊಡಾಕತ್ತೇನಬೇ. ಬ್ಯಾರೆಯವರ ಕೈಯಾಗ ಕೊಟ್ರ ತಮ್ಮ ದೇವರಿಗಿ ಮೊದಲ ಎಡಿ ಹಿಡಿತಾರ, ನಮ್ಮಕ್ಕಿಗಿ ಉಳದದ್ದು. ಇವಗ ತನ್ನದಂತ ದೇವರಽ ಇಲ್ಲ. ಎಲ್ಲಾರಿಗೂ ಒಂದಽ ಸಮ ನೋಡ್ತಾನ." ಆಮೇಲೆ ಅವ್ವನ ಕಿವಿಯ ಹತ್ತಿರ ಬಂದು ಹೇಳಿದಳು: "ಮತ್ತ ನೋಡಬೇ, ಬೆಳ್ಳಿ ಅದು. ನಂಬೋರು ಕದ್ರ ಆಮ್ಯಾಲ ಕಾಯಿ ಒಡದು ತಪ್ಪಾತಂತ ಬೇಡಿಕೊಂಡು ಬಿಡ್ತಾರ. ಇಂವ ಪಾಪ, ಯಾರ ಮುಂದ ಬೇಡಿಕೊಳ್ಳಬೇಕು?"

ಆಯಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಮ್ಮ ಗುರುಗಳ ಕೆಂಪು ಶಾಯಿಗೆ ಅವಳನ್ನು ಒಮ್ಮೆ ತೋರಿಸಬೇಕಿತ್ತು!

ಆಮೇಲೆ ಸಾಲೇ ಹತ್ತಿತು. ಯಲ್ಲಮ್ಮ ಬಂದಳು, ವೀರಭದ್ರ ಬಂದ, ಹಿತ್ತಾಳೆಯ ಹನುಮಪ್ಪ ಬಂದ, ಲಕ್ಷ್ಮಿಯರೇ ಆರೇಳು ಜನ ಬಂದರು. ಕಾಕಾ ಒಂದು ನೋಟುಬುಕ್ಕು ತೆಗೆದ. ಬಂದವರನ್ನು ಕೂರಿಸಿ, ದನ ಬಿಟ್ಟು ಹೋಗುವವರನ್ನು ಕೇಳುವಂತೆ ಕೇಳುತ್ತಿದ್ದ.

"ನಿಮ್ಮ ಹನುಮಪ್ಪ ಏನ್ ಉಣ್ತಾನ?"

"ಶನಿವಾರ ಬೆಲ್ಲ ಕಡ್ಲಿ ಇಟ್ರ ಸಾಕ್ರಿ."

"ಯಲ್ಲಮ್ಮ?"

"ಮಂಗಳವಾರ, ಶುಕ್ಕರವಾರ. ಬೇವು ಏರಸಬೇಕು. ಸಿಟ್ಟ ಭಾಳ್ರಿ ಆಕಿದು."

"ಒದಿಯೋದು, ಹಾಯೋದು ಏನರೆ ಅದ ಏನು?"

ಎಲ್ಲವನ್ನೂ ಬರೆದುಕೊಂಡ. ಪಡಸಾಲೆಯಲ್ಲಿ ಹಲಗೆ ಜೋಡಿಸಿ ಸಾಲಾಗಿ ಕೂರಿಸಿದ. ಬೆಳಗ್ಗೆ ಜಳಕ ಮಾಡಿ, ಒದ್ದೆ ಧೋತರದಲ್ಲಿ ನಿಂತು, ತಂಬಿಗೆ ಹಿಡಿದು ಶುರು ಮಾಡುತ್ತಿದ್ದ. ಮಂತ್ರ ಎಲ್ಲಿಂದ ಬರಬೇಕು? "ಇದು ಎದುರುಮನಿ ನೀರು. ಇದು ಕುಂಬಾರರ ನೀರು. ಇದು ಮ್ಯಾಲಿನಮನಿ ಹೂವು" ಎಂದು ಒಂದೊಂದಕ್ಕೂ ಮನೆಯವರ ಹೆಸರು ಹೇಳಿ ಹಾಕುತ್ತಿದ್ದ. ನಾನು ಹೂವಿನ ಬುಟ್ಟಿ ಹಿಡಿದು ಹಿಂದೆ ನಿಂತಿರುತ್ತಿದ್ದೆ. ಊರು ಬಿಡುವ ಮೊದಲು ಆಯಿಗೆ ಒಂದೇ ಕೊರಗು. ಅವನು ಕೈ ಮುಗಿಯುವುದಿಲ್ಲ.

"ನೀರ ಹಾಕ್ತೇನಿ, ದೀಪಾ ಹಚ್ತೇನಿ, ಎಡಿ ಹಿಡಿತೇನಿ ಆಯಿ. ಕೈ ಮುಗಿಯೋದು ನಿನ್ನ ಕೆಲಸ. ನೀ ಎಲ್ಲಿರ್ತಿ ಅಲ್ಲಿಂದಽ ಮುಗಿ, ನಾ ಇಲ್ಲಿ ಹಾದಿ ಬಿಟ್ಟಿರ್ತೇನಿ."

ಕಾಕಾನಿಗೆ ಇದ್ದ ಒಬ್ಬನೇ ಗೆಳೆಯನೆಂದರೆ ಅರಳೆ ಹಿಂಜಿ ಗಾದಿ ಹೊಲಿಯುವ ಪಿಂಜಾರ ಚಾಚಾ. ಐದು ಹೊತ್ತು ನಮಾಜು ತಪ್ಪಿಸದವನು. ಒಂದು ಬೆಳಗ್ಗೆ ಬಾಗಿಲಲ್ಲಿ ನಿಂತು ಈ ಸಾಲನ್ನು ನೋಡಿ ಗಡ್ಡದ ತುಂಬ ನಕ್ಕ.

"ಯಾ ಅಲ್ಲಾ! ಒಬ್ಬವ್ನೂ ಇಲ್ಲ ಅಂತಿದ್ದೆಲ್ಲಲೇ! ಈಗ ಪೂರಾ ಖಾಂದಾನಽ ಬಂದು ಇಳದದ!"

"ಸುಮ್ಮ ಕುಂದ್ರೋ ಭಾಯಿ. ಬಾವ್ಯಾಗಿಂದ ಎರಡು ಕೊಡ ನೀರರೆ ಸೇದಿ ಕೊಡು."

"ನಾ ಸೇದಿದ ನೀರು ನಡೀತದೇನು ಇವ್ರಿಗಿ?"

ಕಾಕಾ ನೋಟುಬುಕ್ಕು ತಿರುವಿ ನೋಡಿದ. "ಬ್ಯಾಡ ಅಂತ ಯಾರೂ ಬರಿಸಿಲ್ಲ" ಅಂದ! ಅಂದಿನಿಂದ ಚಾಚಾ ನೀರು ಸೇದಿದ, ಕಾಕಾ ಎರೆದ. ಹಿಂದೂಗಳ ದೇವರಿಗೆ ಮುಸಲ್ಮಾನ ನೀರು ತರುವುದು, ನಾಸ್ತಿಕ ಸ್ನಾನ ಮಾಡಿಸುವುದು! ದೇವರುಗಳು ಏನೆಂದುಕೊಂಡವೋ. ಯಾವುದೂ ಒದೆಯಲಿಲ್ಲ, ಹಾಯಲಿಲ್ಲ.

ಕೊನೆಗೆ ನಮ್ಮ ಸರದಿಯೂ ಬಂತು. ಅವ್ವ ಇಳಕಲ್ ಸೀರೆ ಉಟ್ಟು, ಮದುವೆಗೆ ಹೊರಟವಳಂತೆ ಮುಖಕ್ಕೆ ಅರಿಶಿನ ಹಚ್ಚಿಕೊಂಡು, ನಮ್ಮ ಜಗಲಿಯ ದೇವರುಗಳನ್ನೂ ಕಾಕಾನ ಸಾಲಿಗೆ ಸೇರಿಸಿದಳು. ಕಾಕಾ ಊರಬಾಗಿಲ ಅಗಸಿಯವರೆಗೆ ಗಾಡಿಯ ಜೊತೆ ನಡೆದು ಬಂದ. ನಾನು ಕೇಳಿದೆ: "ಕಾಕಾ, ನೀ ಬರಂಗಿಲ್ಲೇನು?" ಅವನು ಅಂದ: "ನಾ ಬಂದ್ರ ಇವಕ್ಕ ನೀರ ಹಾಕೋರ ಯಾರವ್ವಾ?"

ಹೀಗೆಂದು ನನ್ನ ನೆನಪು. ಆದರೆ ಅದೇ ನೆನಪಿನಲ್ಲಿ ಎರಡೂ ಬದಿಗೆ ಜೋಳವೂ ನಿಂತಿದೆ, ಆ ಬೇಸಿಗೆಯಲ್ಲಿ! ನಾನು ನಿಜಕ್ಕೂ ಕೇಳಿದೆನೋ, ಕೇಳಬೇಕಿತ್ತು ಎಂದು ಆಮೇಲೆ ಅನ್ನಿಸಿ ಹತ್ತು ವರ್ಷದ ಹುಡುಗಿಯ ಬಾಯಿಗೆ ಈ ಮಾತು ಹಾಕಿದೆನೋ. ಅಪ್ಪನ ನೆನಪಿಗಂತೂ ಅನುಮಾನವೇ ಇರಲಿಲ್ಲ. ಯಾರು ಕೇಳಿದರೂ, "ಎಷ್ಟ ಕರದ್ರೂ ಬರಲಿಲ್ಲ ನೋಡ್ರಿ, ಮೊಂಡ! ಗಾಡಿ ನಿಲ್ಲಿಸಿಕೊಂಡು ಬೇಡಿಕೊಂಡೇವಿ" ಎನ್ನುತ್ತಿದ್ದ. ಕಾಕಾ ಪಕ್ಕದಲ್ಲೇ ಕೂತಿದ್ದರೂ ಆ ಮಾತಿಗೆ ಹೌದೆಂದೂ ಅನ್ನುತ್ತಿರಲಿಲ್ಲ, ಇಲ್ಲವೆಂದೂ ಅನ್ನುತ್ತಿರಲಿಲ್ಲ. ಎಲ್ಲರ ಹುಗ್ಗಿಯಲ್ಲೂ ಬೆಲ್ಲ ಕಡಿಮೆ ಎಂದು ಹೇಳಿಯೇ ತೀರುವ ಮನುಷ್ಯ!

ನಾವು ಮರಳಿದ್ದು ದಸರೆಯ ಹೊತ್ತಿಗೆ. ಅಷ್ಟರಲ್ಲಿ ಹಿಂದೂಸ್ತಾನದ ಪಲ್ಟನ್ನು ಬಂದು ನಿಜಾಮರ ಆಳಿಕೆ ಮುಗಿದಿತ್ತು. ಊರಲ್ಲಿ ಅರ್ಧ ಮನೆಗಳ ಬಾಗಿಲಲ್ಲಿ ಹುಲ್ಲು ಬೆಳೆದಿತ್ತು. ನಮ್ಮ ಪಡಸಾಲೆಯಲ್ಲಿ ದೇವರುಗಳು ಥಳಥಳ ಹೊಳೆಯುತ್ತಿದ್ದವು. ಕಾಕಾ ಮಾತ್ರ ಸೊರಗಿ ಕಡ್ಡಿಯಾಗಿದ್ದ. ಅವನ ಎಡಗೈ ಮೊಣಕೈಯಲ್ಲಿ ನೆಟ್ಟಗಾಗುತ್ತಿರಲಿಲ್ಲ.

"ಕೈಗಿ ಏನಾತೋ?" ಎಂದು ಅಪ್ಪ ಕೇಳಿದ.

"ಈಗ ಛಲೋ ಅದ ಅಣ್ಣಾ" ಅಂದ. ಅದು ಸುಳ್ಳಲ್ಲ. ಉತ್ತರವೂ ಅಲ್ಲ.

ಜನ ಬಂದು ತಮ್ಮ ತಮ್ಮ ದೇವರನ್ನು ಗುರುತು ಹಿಡಿದು ಕರೆದುಕೊಂಡು ಹೋದರು. ಆಗ ಒಂದು ಅನಾಹುತವಾಯಿತು. ಮೇಲಿನಮನೆ, ಕೆಳಗಿನಮನೆ ಎಂದು ಎರಡು ಮನೆ. ಒಂದೇ ಮನೆತನ ಒಡೆದದ್ದು. ಬೇರೆಯಾದಾಗ ಮನೆದೇವರು ಖಂಡೋಬಾ ಒಬ್ಬನೇ ಇದ್ದ. ಕಿರಿಯರು ಅಂಥದ್ದೇ ಇನ್ನೊಂದು ಮುಖ ಮಾಡಿಸಿಕೊಂಡರು. ಅಂದಿನಿಂದ ಮೂಲ ಖಂಡೋಬಾ ನಮ್ಮವನೇ ಎಂದು ಎರಡೂ ಮನೆಯವರ ಜಗಳ, ಮಾತು ಬಿಟ್ಟು ಹದಿನಾಲ್ಕು ವರ್ಷ. ಇಬ್ಬರೂ ಒಂದೇ ಹೊತ್ತಿಗೆ ಬಂದು ನಿಂತರು. ಕಾಕಾ ಎರಡೂ ಖಂಡೋಬಾರನ್ನು ತಂದು ಮುಂದಿಟ್ಟ.

"ತಪ್ಪಾಗ್ಯಾದ್ರಿ. ಹುಣಸಿಹಣ್ಣು ಹಚ್ಚಿ ತೊಳಿಯೋವಾಗ ಇವೆರಡೂ ಕೂಡಿಬಿಟ್ಟಾವ. ಯಾವದು ಯಾರದು ನನಗ ಗೊತ್ತಾಗವಲ್ದು."

ಅಪ್ಪ ಹಣೆ ಹಣೆ ಬಡಿದುಕೊಂಡ. "ಸುಮ್ಮ ಒಂದೊಂದು ಕೊಟ್ಟು ಕಳಸೋದಲ್ಲೇನಲೇ! ಯಾರಿಗಿ ಗೊತ್ತಾಗ್ತಿತ್ತು?"

ಕಾಕಾ ಅಪ್ಪನನ್ನು ನೋಡಿದ. ಗೊಬ್ಬೂರಿನ ದಾರಿಯಲ್ಲಿ 'ನಾ ನೋಡ್ತೇನಲ್ಲ' ಅಂದಾಗ ನೋಡಿದ ಹಾಗೆಯೇ.

"ಈಗೇನು! ನಮ್ಮ ಖಂಡೋಬಾನ ತೇಜಽ ಬ್ಯಾರೆ. ನಾವಽ ಗುರುತ ಹಿಡಿತೇವಿ" ಎಂದು ಮೇಲಿನಮನೆ ಯಜಮಾನ ಮುಂದೆ ಬಂದ. ನೋಡಿದ. ತಿರುವಿ ನೋಡಿದ. ಬಿಸಿಲಿಗೆ ಹಿಡಿದು ನೋಡಿದ. ಕೆಳಗಿನಮನೆಯವನೂ ನೋಡಿದ. ಹದಿನಾಲ್ಕು ವರ್ಷ ಯಾವ ತೇಜಸ್ಸಿಗಾಗಿ ಮಾತು ಬಿಟ್ಟಿದ್ದರೋ ಅದು ಇಬ್ಬರಿಗೂ ಕಾಣಲೊಲ್ಲದು! ಕೊನೆಗೆ ಒಂದೊಂದನ್ನು ಒಯ್ದರು. ಆದರೆ ತಮ್ಮ ಅಸಲಿ ದೇವರು ಆ ಮನೆಯಲ್ಲೇ ಉಳಿದಿದ್ದರೆ? ಆ ಹೆದರಿಕೆಗೆ ಪ್ರತಿ ರವಿವಾರ ಇವರು ಅವರ ಮನೆಗೆ ಅರಿಶಿನದ ಭಂಡಾರ ಒಯ್ಯುವುದು, ಅವರು ಇವರ ಮನೆಗೆ ತರುವುದು ಶುರುವಾಯಿತು. ಮುಂದಿನ ಯುಗಾದಿಗೆ ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ತಿಂದರು. ದೇವರನ್ನು ನಂಬುವ ಯಾರಿಂದಲೂ ಆಗದ ಕೆಲಸ!

ಎಲ್ಲರೂ ಒಯ್ದ ಮೇಲೆ ಹಲಗೆಯ ಮೇಲೆ ಒಂದೇ ಒಂದು ಉಳಿಯಿತು. ಬೆಳ್ಳಿಯ ಪಂಜಾ. ಮೊಹರಮ್ಮಿನಲ್ಲಿ ಊರವರೆಲ್ಲ ಕೂಡಿ ಕೂರಿಸುತ್ತಿದ್ದ ಆಲಾಯಿ ದೇವರ ಹಸ್ತ ಅದು. ಪಲ್ಟನ್ನು ಬಂದ ಮೇಲೆ ಹೆದರುವ ಸರದಿ ಬೇರೆಯವರದಾಗಿತ್ತು. ಪಿಂಜಾರ ಚಾಚಾ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗುವ ಮೊದಲು ಅದನ್ನು ತಂದು ಕೊಟ್ಟಿದ್ದ. "ಅಮಾನತ್ ಅದ, ನಂಬಿ ಕೊಟ್ಟದ್ದು. ನಾ ಬರೋತನಕ ಇಟ್ಕೋ" ಎಂದಿದ್ದನಂತೆ. ಚಾಚಾ ಬರಲಿಲ್ಲ. ಕಾಕಾ ಪ್ರತಿ ಗುರುವಾರ ಅದನ್ನು ಒರೆಸಿ, ಲೋಬಾನದ ಹೊಗೆ ಹಾಕಿ ಇಡುತ್ತಿದ್ದ. ಕಟ್ಟೆಯ ಮೇಲೆ ಚಾಚಾ ಕೂಡುತ್ತಿದ್ದ ಜಾಗ ಬಿಟ್ಟು ಈಚೆಗೆ ಕೂತು, ಅದೇ ಹಳೆಯ ಉರ್ದು ಪತ್ರಿಕೆ ಓದುತ್ತಿದ್ದ.

ಇನ್ನೊಂದು ಸಂಗತಿ ಆಗಿನಿಂದ ನಡೆಯಿತು. ನನಗೆ ಆಗ ಅರ್ಥವಾಗಿರಲಿಲ್ಲ. ಅಷ್ಟು ಶಿಸ್ತಿನ ಅವ್ವ, ಎಡೆ ಹಿಡಿಯುವ ಮೊದಲು ಮಕ್ಕಳಿಗೂ ಒಂದು ತುತ್ತು ಕೊಡದವಳು, ಒಲೆಯ ಮೇಲಿನ ಮೊದಲ ರೊಟ್ಟಿಯನ್ನು ದೇವರಿಗಿಂತ ಮುಂಚೆ ಕಾಕಾನ ತಾಟಿಗೆ ಹಾಕತೊಡಗಿದಳು. "ನನ್ನ ದೇವರಿಗೆ ನೀರು ಹಾಕಿದವ" ಎಂಬ ಕೃತಜ್ಞತೆ ಇರಬೇಕೆಂದುಕೊಂಡಿದ್ದೆ.

ಅಪ್ಪ ಮೊದಲು ಹೋದ. ಎರಡು ವರ್ಷಕ್ಕೆ ಕಾಕಾನೂ ಹೋದ. ನಾನು ಧಾರವಾಡದಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹಲಗೆಯ ಮೇಲಿನ ಪಂಜಾ ಎತ್ತಿ ಒರೆಸಲು ಹೋದಾಗ ಅದರ ಕೆಳಗೆ ಆ ನೋಟುಬುಕ್ಕು ಸಿಕ್ಕಿತು. ಮುಂದಿನ ಪುಟಗಳಲ್ಲಿ ಬೆಲ್ಲ, ಬೇವು, ಮಂಗಳವಾರ, ಶನಿವಾರ. ಆಮೇಲೆ ದಿನಕ್ಕೆ ಒಂದೆರಡು ಸಾಲು. ನನ್ನ ಡೈರಿಯಂಥದ್ದಲ್ಲ, ಯಾರ ಮಾತೂ ಚುರುಕಾಗಿಲ್ಲ.

"ಇಂದು ಭಂಡಾರ ಮುಗಿದಿದೆ. ಎರಡೂ ಖಂಡೋಬಾರಿಗೆ ಬರೀ ನೀರು. ಮನೆಯವರು ಬಂದ ಮೇಲೆ ಅವರಿಗೆ ಹೇಳಬೇಕು."

"ಬಂದೂಕಿನವರು ಬಂದಿದ್ದರು. ಈ ಬೆಳ್ಳಿ ಯಾರದು ಅಂದರು. ಬೇರೆಯವರದು, ನಾನು ಕೊಡಲು ಬರುವುದಿಲ್ಲ ಅಂದೆ. ಹೊಡೆದರು. ಭಾಯಿ ಓಡಿ ಬಂದು ನಡುವೆ ನಿಂತ. ಹುಚ್ಚ ಇದ್ದಾನೆ ಬಿಡಿ ಅಂದ. ಹೋದರು. ಬಲಗೈಯಿಂದ ನೀರು ಹಾಕಲು ಬರುತ್ತದೆ."

"ಭಾಯಿ ಹೋದ. ಇಂದಿನಿಂದ ನೀರು ನಾನೇ ಸೇದಬೇಕು. ಯಾರೊಂದಿಗೂ ಮಾತಿಲ್ಲ. ಬೆಳಗ್ಗೆ ನೀರು ಹಾಕುವಾಗ ದೇವರುಗಳಿಗೆ ಅವರವರ ಮನೆಯವರು ಎಲ್ಲಿದ್ದಾರೆ ಎಂಬ ಸುದ್ದಿ ಹೇಳಿದೆ. ಅದನ್ನು ಮಾತು ಅನ್ನಬಹುದೋ ಗೊತ್ತಿಲ್ಲ."

ಮತ್ತೆ ಹಿಂದಕ್ಕೆ ತಿರುವಿದೆ. ನಾವು ಹೊರಟ ದಿನವನ್ನು ಹುಡುಕಿದೆ. ನಾನು ಕೇಳಿದ ಪ್ರಶ್ನೆ ಅಲ್ಲಿ ಇರಬಹುದು ಎಂಬ ಆಸೆ. ಕಣ್ಣು ಮುಚ್ಚಿದರೂ ಸುಳ್ಳಾದೀತೆಂದು ಕಣ್ಣು ತೆರೆದು ಕೂತ ಮನುಷ್ಯ, ಹುಗ್ಗಿಯ ಹೊಗೆ ವಾಸನೆಯನ್ನು ಮುಚ್ಚಿಡದವನು, ಆ ದಿನ ಬರೆದದ್ದು ಮೂರೇ ಸಾಲು. ದೂರಿಲ್ಲ, ಸಿಟ್ಟಿಲ್ಲ, ಯಲ್ಲಮ್ಮನಿಗೆ ಬೇವು ಎಂದು ಬರೆದ ಹಾಗೆಯೇ ಬರೆದಿದ್ದ.

"ಅಣ್ಣ, ವೈನಿ, ಹುಡುಗಿ ಹೋದರು. ಅಗಸಿಯವರೆಗೆ ಹೋಗಿ ಬಂದೆ. ಗಾಡಿಯಲ್ಲಿ ಇನ್ನೂ ಒಬ್ಬರಿಗೆ ಜಾಗ ಇತ್ತು."

ಅವ್ವ ಒಳಗೆ ಜಗಲಿಯ ಮುಂದೆ ಕೂತು ಹುಣಸೆಹಣ್ಣಿನಿಂದ ದೇವರುಗಳನ್ನು ತಿಕ್ಕುತ್ತಿದ್ದಳು. ನಾನು ಪಂಜಾವನ್ನೂ ಆ ಸಾಲಿನಲ್ಲಿ ಇಟ್ಟೆ. ಅವಳು ಬೇಡವೆನ್ನಲಿಲ್ಲ; ಅದನ್ನೂ ಕೈಗೆತ್ತಿಕೊಂಡು ಒಂದೊಂದೇ ಬೆರಳನ್ನು ತಿಕ್ಕತೊಡಗಿದಳು. ನಾನು ಪಕ್ಕದಲ್ಲಿ ಕೂತು ಕೇಳಿದೆ. ಅವಳ ಕೈ ನಿಂತಿತು, ಮತ್ತೆ ನಡೆಯಿತು. ಅದಾಗಿ ಹನ್ನೊಂದು ವರ್ಷವಾಯಿತು. ಅವ್ವನಿಗೆ ಈಗ ಕಣ್ಣು ಮಂಜು, ಆದರೂ ಗುರುವಾರ ಬಂದರೆ ಪಂಜಾವನ್ನು ಅವಳೇ ಒರೆಸುತ್ತಾಳೆ. ಮೊದಲ ರೊಟ್ಟಿಯನ್ನು ಇಂದಿಗೂ ಬೇರೆ ತೆಗೆದಿಡುತ್ತಾಳೆ. ನಾನು ಅಂದು ಕೇಳಿದ್ದು ಇಷ್ಟೇ:

"ಅವ್ವಾ, ಕಾಕಾಗ ನೀನೂ ಬಾ ಅಂತ ಅವತ್ತು ನಮ್ಮೊಳಗ ಒಬ್ಬರರೆ ಕರದಿದ್ದೇವೇನು?"